ದೊಡ್ಡಪ್ಪ ಹಾಕಿದ ಗೇರ್ ಎಣ್ಣೆ

ನಮ್ಮ ದೊಡ್ಡಪ್ಪನದು ಕೂತಲ್ಲಿ ಕೂರದ ಜಾಯಮಾನ. ಆಯುಷ್ಯವೆಲ್ಲ ಲಾರಿ ಓಡಿಸಿದವರು. ಊಟಕ್ಕೆ ಕೂತಾಗಲೂ ಅವರ ಎಡಗಾಲು ಮೇಜಿನ ಕೆಳಗೆ ಏನನ್ನೋ ತುಳಿಯುತ್ತಲೇ ಇರುತ್ತಿತ್ತು. ಮನೆಮಂದಿಯೆಲ್ಲ ಅವರನ್ನು ಬೆನ್ನ ಹಿಂದೆ 'ಗಡಿಬಿಡಿ' ಎಂದು ಕರೆಯುತ್ತಿದ್ದೆವು. ದೊಡ್ಡಮ್ಮ ಮಾತ್ರ ಎದುರಿಗೇ ಕರೆಯುತ್ತಿದ್ದರು.

ಇನ್ನು ಗಾಡಿ ಓಡಿಸಿಕೊಂಡು ರಸ್ತೆಗಿಳಿಯಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ದೊಡ್ಡಪ್ಪ ಮನೆಯ ಮುಂದೆ ನಿಂತ ಕಾರಿನ ಸುತ್ತ ಸುತ್ತಿದ್ದೇ ಸುತ್ತಿದ್ದು. ಕೊಳ್ಳುವವರೊಬ್ಬರು ಕೇಳಿಕೊಂಡೂ ಬಂದರು. ಆಗ ದೊಡ್ಡಮ್ಮ, "ನಾನು ಕಲೀತೀನಿ" ಎಂದುಬಿಟ್ಟರು. ಲೈಸೆನ್ಸ್ ಸಿಕ್ಕರೆ ಕಾರು ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ ಎಂದು ಮಾತಾಯಿತು.

ಆ ಖುಷಿಯಲ್ಲಿ ದೊಡ್ಡಪ್ಪ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿದರು. ಅಂತಿಂಥದ್ದಲ್ಲ, ಲಾರಿಯ ಹಿಂದಿನ ಆಕ್ಸಲ್‌ಗೆ ಹಾಕುವ ದಪ್ಪ ಎಣ್ಣೆ. ಡಬ್ಬದ ಮೇಲೆ ಜಿಎಲ್-5 ಎಂದಿತ್ತು. "ಅಷ್ಟು ದೊಡ್ಡ ಲಾರೀನೇ ಇದು ಕಾಪಾಡಿದೆ. ಈ ಪುಟಾಣಿ ಯಾವ ಲೆಕ್ಕ?" ಎಂದರು.

ಪಾಠ ನಡೆದದ್ದು ಮನೆಯ ಹಿಂದಿನ ಖಾಲಿ ಮೈದಾನದಲ್ಲಿ. ಹಿಂದಿನ ಸೀಟಿನಲ್ಲಿ ನಾನು, ಜೀವ ಕೈಯಲ್ಲಿ ಹಿಡಿದುಕೊಂಡು. ಒಂದನೇ ಗೇರ್ ಸರಿಯಾಗಿ ಬೀಳುತ್ತಿತ್ತು. ಎರಡಕ್ಕೆ ಹಾಕಿದರೆ ಗರ್ ಗರ್ ಎಂದು ಹಲ್ಲು ಕಡಿಯುವ ಸದ್ದು.

"ಕ್ಲಚ್ಚು ಪೂರ್ತಿ ತುಳಿ!"

"ತುಳಿದೇ ಇದ್ದೀನಲ್ರೀ!"

"ಕೈ ಭಾರ ನಿಂದು. ಗೇರ್ ಹಾಕು ಅಂದ್ರೆ ಹಿಟ್ಟು ನಾದ್ತೀಯ."

ಆಮೇಲೆ ಆಕೆಯನ್ನು ಎಬ್ಬಿಸಿ ತಾವೇ ಕೂತು ತೋರಿಸುತ್ತಿದ್ದರು. ಎರಡು, ಮೂರು, ಮತ್ತೆ ಎರಡು. ಗೇರ್ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ದಿನವೂ ಇದೇ ರಾಮಾಯಣ. ಪರೀಕ್ಷೆ ಹತ್ತಿರ ಬಂದ ಹಾಗೆ ದೊಡ್ಡಮ್ಮನ ಮಾತು ಕಡಿಮೆಯಾಯಿತು. ಒಂದು ಸಂಜೆ ಕೀಲಿ ತೆಗೆದು ಗಂಡನ ಕೈಗಿಟ್ಟರು.

"ಮಾರಿಬಿಡಿ ಇದನ್ನ. ನನಗೆ ಹತ್ತೋ ವಿದ್ಯೆಯಲ್ಲ."

ನನಗೆ ದೊಡ್ಡಪ್ಪನ ಮೇಲೆ ಕೆಟ್ಟ ಕೋಪ ಬಂತು. ಅವರೂ ಕಂಗಾಲಾಗಿದ್ದರು, ಕೀಲಿಯನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತಾ, "ಕೊನೇ ಸಲ ನೋಡ್ಕೋ" ಎಂದು ಸ್ಟೇರಿಂಗ್ ಮುಂದೆ ಕೂತರು. ಈ ಸಲ ದೊಡ್ಡಮ್ಮ ಅವರ ಕೈ ನೋಡಲಿಲ್ಲ, ಕಾಲು ನೋಡಿದರು.

"ಅಲ್ಲಾ, ನೀವ್ಯಾಕೆ ಕ್ಲಚ್ಚನ್ನ ಎರಡೆರಡು ಸಲ ತುಳೀತೀರ?"

"ನಾನೆಲ್ಲಿ ತುಳಿದೆ?"

"ಗೇರ್ ತೆಗೆಯೋವಾಗ ಒಂದ್ಸಲ, ಹಾಕೋವಾಗ ಇನ್ನೊಂದ್ಸಲ. ನನ್ನ ಹಾಗೆ ಒಂದೇ ಸಲ ತುಳಿದು ಹಾಕಿ ನೋಡೋಣ."

ಅವರ ಕಾಲದ ಲಾರಿಗಳಲ್ಲಿ ಹಾಗೆ ಎರಡು ಸಲ ತುಳಿದು ಒಳಗಿನ ಹಲ್ಲುಗಳ ವೇಗ ಸಮ ಮಾಡದೆ ಗೇರ್ ಬೀಳುತ್ತಲೇ ಇರಲಿಲ್ಲ. ಕಾಲಿಗೆ ಅಂಟಿದ ಆ ಚಾಳಿ ಅವರಿಗೇ ಗೊತ್ತಿರಲಿಲ್ಲ. ಒಂದೇ ಸಲ ತುಳಿದು ಎರಡಕ್ಕೆ ಹಾಕಿದರು. ಗರ್ ಗರ್ ಎಂದಿತು. ದೊಡ್ಡಪ್ಪನ ಮುಖ ಸಪ್ಪಗಾಯಿತು.

ಕಾರಿನಲ್ಲಿ ಹೊಸದಾಗಿ ಬದಲಾದದ್ದು ಎಣ್ಣೆಯೊಂದೇ ಎಂದು ಹೊಳೆದು, ಮನೆಗೂ ಬರದೆ ನೇರ ಗಾಡಿ ಎಣ್ಣೆ ಮಾರುವ ಅಂಗಡಿಗೆ ನಡೆದುಕೊಂಡೇ ಹೋದರು. ಯಾವ ಎಣ್ಣೆ ಹಾಕಿದ್ದೆಂದು ಕೇಳಿ ಅಂಗಡಿಯವರು ತಲೆ ಚಚ್ಚಿಕೊಂಡರು.

"ನಂಬರು ದೊಡ್ಡದಾದ್ರೆ ಎಣ್ಣೆ ಒಳ್ಳೇದು ಅಂತಲ್ಲ ಯಜಮಾನ್ರೇ. ಕಾರಿನ ಗೇರ್‌ಬಾಕ್ಸಲ್ಲಿ ಹಿತ್ತಾಳೆ ರಿಂಗ್ ಇರ್ತವೆ. ಅವು ಬಿಗಿಯಾಗಿ ಹಿಡಿದು ವೇಗ ಸಮ ಮಾಡಿದ್ರೇನೇ ಗೇರ್ ಸಲೀಸಾಗಿ ಬೀಳೋದು. ನಿಮ್ಮ ಆಕ್ಸಲ್ ಎಣ್ಣೇಲಿ ಅವು ಜಾರ್ತವೆ, ಸವೆದೂ ಹೋಗ್ತವೆ. ನಿಮ್ಮ ಕಾರಿಗೆ ಬೇಕಾಗಿರೋದು ಜಿಎಲ್-4, ಇನ್ನೂ ತೆಳ್ಳಗಿರೋದು."

ಹೊಸ ಡಬ್ಬ ತಂದು ಎಣ್ಣೆ ಬದಲಿಸುವಾಗ, ಎಷ್ಟೇ ಗಡಿಬಿಡಿಯಿದ್ದರೂ ದೊಡ್ಡಪ್ಪ ಮೊದಲು ಎಣ್ಣೆ ತುಂಬುವ ಮೇಲಿನ ಬೋಲ್ಟನ್ನೇ ಬಿಚ್ಚಿದರು. ಕೆಳಗಿನದನ್ನು ಬಿಚ್ಚಿ ಎಣ್ಣೆ ಇಳಿಸಿದ ಮೇಲೆ ಮೇಲಿನದು ಹಟ ಹಿಡಿದರೆ ಹೊಸದನ್ನು ತುಂಬಲಾಗದೆ ಕಾರು ಅಲ್ಲೇ ಠಿಕಾಣಿ ಹೂಡುತ್ತದೆ. ತಟ್ಟೆಗೆ ಇಳಿದ ಎಣ್ಣೆಯಲ್ಲಿ ಹಿತ್ತಾಳೆಯ ಹಳದಿ ಪುಡಿ ಮಿನುಗುತ್ತಿತ್ತು. ಅದನ್ನು ಬೆರಳಿಗೆ ಹಚ್ಚಿಕೊಂಡು ನೋಡುತ್ತಾ ಕೂತರು. ಎಡಗಾಲು ಕೂಡ ಅಲ್ಲಾಡಲಿಲ್ಲ.

ಮರುದಿನ ಮೈದಾನದಲ್ಲಿ ಎರಡನೇ ಗೇರ್ ಸದ್ದಿಲ್ಲದೆ ಬಿತ್ತು. ಮೂರನೆಯದೂ ಬಿತ್ತು. ಪಕ್ಕದ ಸೀಟಿನಲ್ಲಿ ದೊಡ್ಡಪ್ಪ ಖಾಲಿ ಮ್ಯಾಟನ್ನು ಎರಡೆರಡು ಸಲ ತುಳಿಯುತ್ತಿದ್ದರು. ದೊಡ್ಡಮ್ಮ ಒಂದು ಸುತ್ತು ಹೊಡೆದು ಕಾರು ನಿಲ್ಲಿಸಿ, ಎಂಜಿನ್ ಆರಿಸಿದರು.

ದೊಡ್ಡಪ್ಪ ಕಿಟಕಿಯಾಚೆ ನೋಡುತ್ತಾ ಹೇಳಿದರು, "ತಪ್ಪು ನಿನ್ನ ಕೈದಲ್ಲ. ನಾನು ಹಾಕಿದ ಎಣ್ಣೇದು. ಸುಮ್ಸುಮ್ನೆ ಬೈದೆ ನಿನ್ನ."

"ಏನಂದ್ರಿ? ಎಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ."

ಕಾರಿನಲ್ಲಿ ನಮ್ಮ ಉಸಿರು ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ. ದೊಡ್ಡಪ್ಪ ಹೆಂಡತಿಯ ಕಡೆ ತಿರುಗಿ, ಅಷ್ಟನ್ನೂ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು.

"ಹಾಂ, ಈಗ ಕೇಳಿಸ್ತು. ಆ ಕೊಳ್ಳೋರಿಗೆ ಬರೋದು ಬೇಡ ಅಂದ್ಬಿಡಿ," ಎಂದು ದೊಡ್ಡಮ್ಮ ಕೀಲಿ ತಿರುಗಿಸಿದರು.