ಅಯ್ಯಮ್ಮನ ಒಂದು ತಾಸು

ಅಯ್ಯಮ್ಮ ನೋಡಿದಷ್ಟು ನಾಲಿಗೆಗಳ ಅಡಿಭಾಗವನ್ನು ಇಡೀ ಶಿವಾಜಿನಗರದಲ್ಲಿ ಇನ್ನೊಬ್ಬರು ನೋಡಿರಲಾರರು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ನಶೆಯ ಸೂಜಿಯ ಚಟಕ್ಕೆ ಬಿದ್ದವರಿಗೆ ದಿನವೂ ಮಾತ್ರೆ ಕೊಡುವ ಕೇಂದ್ರವೊಂದಿದೆ. ಆಕೆ ಅಲ್ಲಿಯ ನರ್ಸು. ಮಾತ್ರೆಯನ್ನು ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕಬೇಕು, ಅದು ಕರಗುವ ತನಕ ಹತ್ತು ನಿಮಿಷ ಬಾಯಿ ಮುಚ್ಚಿ ಕೂರಿಸಬೇಕು, ಆಮೇಲೆ ಟಾರ್ಚು ಬಿಟ್ಟು ಒಳಗೇನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಹದಿಮೂರು ವರ್ಷ ಈ ಟಾರ್ಚು ಹಿಡಿದ ಮೇಲೆ ಆಕೆ ಜಗತ್ತನ್ನೆಲ್ಲ ಅದರ ಬೆಳಕಿನಲ್ಲೇ ನೋಡತೊಡಗಿದ್ದಳು. ಹಲಸೂರಿನ ಬಾಡಿಗೆ ಕೋಣೆಯ ಪಕ್ಕದವರು ಊಟ ಆಯ್ತಾ ಎಂದು ಕೇಳಿದರೆ, ಇವರಿಗೇಕೆ ಬೇಕು ಅದು ಎಂದು ಯೋಚಿಸಿಯೇ ಹೂಂ ಅನ್ನುತ್ತಿದ್ದಳು.

ಅನುಮಾನಕ್ಕೆ ಕಾರಣಗಳೂ ಇದ್ದವು. ಹಿಂದೊಬ್ಬ ಪುಡಿಯನ್ನು ಚ್ಯೂಯಿಂಗ್ ಗಮ್ಮಿಗೆ ಅಂಟಿಸಿಕೊಂಡು ಹೋಗಿ ಹೊರಗೆ ಮಾರಿದ್ದ. ಇನ್ನೊಬ್ಬ ಕೆಮ್ಮುವ ನೆಪದಲ್ಲಿ ಕರ್ಚೀಫಿಗೆ ಇಳಿಸಿಕೊಂಡಿದ್ದ. ಹೇಳಿದ್ದರಲ್ಲಿ ಆರನೆಯ ಒಂದು ಪಾಲನ್ನಷ್ಟೇ ಜನ ಮಾಡುತ್ತಾರೆ, ಆದ್ದರಿಂದ ಆರು ಪಟ್ಟು ಹೇಳಬೇಕು ಎಂಬುದು ಆಕೆಯ ಲೆಕ್ಕ. ಹತ್ತು ನಿಮಿಷ ಕೂರಬೇಕಾದವನಿಗೆ "ಒಂದ್ ತಾಸು ಬಾಯಿ ಬಿಚ್ಚಬ್ಯಾಡ, ಬಿಚ್ಚಿದ್ರ ಔಷಧದ ಶಕ್ತಿ ಹೋಗ್ತದ" ಎನ್ನುವಳು. ಹೊಸಬರು ಗಾಬರಿಯಾಗಿ, ಗೊಣಗಿ, ಗಡಿಯಾರ ನೋಡಿ, ಹೇಗೋ ಹತ್ತು ನಿಮಿಷ ಕೂರುತ್ತಿದ್ದರು. ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಕೇಂದ್ರದ ಮೇಲೂ ಒಬ್ಬರ ಅನುಮಾನವಿತ್ತು. ಎದುರು ಮನೆಯ ಮುನಿವೆಂಕಟಪ್ಪನವರು ಗಲ್ಲಿಯ ಅಧ್ಯಕ್ಷರು. ಆರಿಸಿದವರು ಯಾರೆಂದು ಅವರನ್ನು ಬಿಟ್ಟರೆ ಬೇರೆಯವರಿಗೆ ತಿಳಿಯದು. "ನಶೆ ಬಿಡಿಸ್ತೀವಿ ಅಂತ ನಶೆ ಮಾತ್ರೇನೇ ಹಂಚ್ತಾವ್ರೆ" ಎಂದು ಅರ್ಜಿಯೊಂದನ್ನು ಟೈಪು ಮಾಡಿಸಿ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಕೇಂದ್ರದ ಡಾಕ್ಟರು ಭಾರ್ಗವ್ ಈ ಅಧ್ಯಕ್ಷರಿಗೆ ಮುಕ್ಕಾಲು ಗಂಟೆ ವಿವರಿಸಿದ್ದರು. ಅದರ ಸಾರ ಇಷ್ಟೇ: "ಸೂಜಿ ತಪ್ಪಿದ್ರೆ ಸೋಂಕು ತಪ್ಪತ್ತೆ ಸಾರ್, ಕೆಲಸಕ್ಕೆ ಹೋಗ್ತಾರೆ. ಮೊದ್ಲು ಬದುಕ್ಲಿ, ಪೂರ್ತಿ ಬಿಡೋದು ಆಮೇಲೆ." ಮುನಿವೆಂಕಟಪ್ಪನವರು ತಲೆಯಾಡಿಸಿ, ಅರ್ಜಿಗೆ ಇನ್ನೊಂದು ಪ್ಯಾರಾ ಸೇರಿಸಿದ್ದರು.

ಇಂಥ ಹೊತ್ತಿನಲ್ಲಿ ಒಂದು ಬೆಳಿಗ್ಗೆ, ಮಾತ್ರೆ ಹಾಕಿಸಿಕೊಳ್ಳುವ ಮೊದಲು, ದುರ್ಗೇಶ ಬಾಯಿ ಬಿಟ್ಟ. ಲಿಂಗಸುಗೂರು ಕಡೆಯ ಹುಡುಗ, ಮಾರ್ಕೆಟ್ಟಿನ ಬಳಿ ಕೊತ್ತಂಬರಿ ಸೊಪ್ಪಿನ ಗಾಡಿ. ಎರಡು ವರ್ಷದಲ್ಲಿ ಒಂದು ದಿನವೂ ಮಾತ್ರೆ ತಪ್ಪಿಸಿದವನಲ್ಲ, ಜಗಳ ತೆಗೆದವನಲ್ಲ. ಅಯ್ಯಮ್ಮನ ಕಣ್ಣಿಗೆ ಇದೇ ಅವನ ದೊಡ್ಡ ದೋಷ.

"ಅಕ್ಕಾರ, ಕೆ.ಆರ್. ಪುರದ ಮಂಡಿ ಮುಕ್ತಾರ್ ಸಾಬ್ರು ಹರಾಜು ಕೂಗಾಕ ಕರದಾರ್ರೀ. ಬೆಳಿಗ್ಗೆ ಐದರಿಂದ ಮಧ್ಯಾಹ್ನದ ತನ. ವಾರದ ಮಾತ್ರಿ ಒಮ್ಮೆಲೇ ಮನಿಗೆ ಕೊಟ್ರ ಹೋಗಬಹುದ್ರೀ."

ಕೇಂದ್ರ ತೆರೆಯುವುದು ಒಂಬತ್ತಕ್ಕೆ, ಮುಚ್ಚುವುದು ಹನ್ನೆರಡಕ್ಕೆ. ಮಾತ್ರೆ ಮನೆಗೆ ಸಿಗದಿದ್ದರೆ ಕೆಲಸ ಇಲ್ಲ. ಕೆಲಸಕ್ಕೆ ಹೋದರೆ ಮಾತ್ರೆ ಇಲ್ಲ. ಮಾತ್ರೆ ತಪ್ಪಿದರೆ ಸೂಜಿ ಎಷ್ಟು ಹತ್ತಿರದಲ್ಲಿದೆಯೆಂದು ಇಬ್ಬರಿಗೂ ಗೊತ್ತಿತ್ತು.

"ಸ್ಥಿರವಾಗಿದ್ದವರಿಗೆ ಕೊಡಬಹುದು" ಎಂದರು ಡಾಕ್ಟರು. "ಆದ್ರೆ ನೀವು ಹೂಂ ಅಂದ್ರೆ ಮಾತ್ರ, ಅಯ್ಯಮ್ಮ. ನಾಳೆ ಉತ್ತರ ಹೇಳಿ."

ಅಯ್ಯಮ್ಮ ಆ ದಿನವೆಲ್ಲ ಯೋಚಿಸಿದಳು. ಉಳಿದವರು ಟಾರ್ಚು ಆರುವ ಮೊದಲೇ ಮಾತಿಗೆ ತೊಡಗುತ್ತಾರೆ. ಇವನೊಬ್ಬ ಟಾರ್ಚಿಗೆ ಬಾಯಿ ತೋರಿಸಿ, ಮತ್ತೆ ಬಿಗಿಯಾಗಿ ಮುಚ್ಚಿ, ಕೈಮುಗಿದು ಹೋಗುತ್ತಾನೆ. ಎರಡು ವರ್ಷ ಹೀಗೆ. ಟಾರ್ಚಿಗೂ ಕಾಣದ ಜಾಗವೊಂದನ್ನು ಈತ ಬಾಯೊಳಗೆ ಮಾಡಿಕೊಂಡಿದ್ದಾನೆ, ಹೊರಗೆ ಹೋಗಿ ಉಗುಳಿ ಮಾರುತ್ತಾನೆ. ಏಳು ದಿನದ್ದು ಕೈಗೆ ಕೊಟ್ಟರೆ ಕೇಂದ್ರ ಮುಚ್ಚಿಸಲು ಮುನಿವೆಂಕಟಪ್ಪನವರ ಜೇಬಿನ ಅರ್ಜಿಯೇ ಸಾಕು.

ಮರುದಿನ ಒಂಬತ್ತೂಕಾಲಕ್ಕೆ ಟಾರ್ಚನ್ನು ಡಾಕ್ಟರ ಕೈಗೆ ಕೊಟ್ಟು, ಮಾತ್ರೆ ಹಾಕಿಸಿಕೊಂಡು ಹೋಗುತ್ತಿದ್ದ ದುರ್ಗೇಶನ ಹಿಂದೆಯೇ ಹೊರಟಳು. ಮುಖಕ್ಕೆ ಮಾಸ್ಕು, ತಲೆಯ ಮೇಲೆ ಸೆರಗು. ತನ್ನನ್ನು ಯಾರೂ ಗುರುತಿಸಲಾರರೆಂದು ಆಕೆ ನಂಬಿದ್ದಳು; ದಾರಿಯಲ್ಲಿ ನಾಲ್ಕು ಜನ "ನಮಸ್ಕಾರ ಸಿಸ್ಟರ್" ಎಂದರು.

ದುರ್ಗೇಶ ಎಲ್ಲೂ ಉಗುಳಲಿಲ್ಲ. ಗಾಡಿಯ ಮುಂದೆ ನಿಂತು ಬೆರಳೆತ್ತಿ ಬೆಲೆ ತೋರಿಸಿದ, ತಲೆಯಾಡಿಸಿ ವ್ಯಾಪಾರ ಮಾಡಿದ. ದಿನವೂ ಇದೇ ಹೊತ್ತಿಗೆ ಬಂದು ಸೊಪ್ಪು ಕೊಳ್ಳುವ ನೂರುನ್ನೀಸಾ ಎಂಬ ಹೆಂಗಸು ಪಕ್ಕದಲ್ಲಿ ನಿಂತ ಅಯ್ಯಮ್ಮನಿಗೆ ಮೆಲ್ಲಗೆ ಹೇಳಿದಳು: "ಪಾಪ, ಮೂಗ. ಒಳ್ಳೆ ಹುಡುಗ."

ಅಯ್ಯಮ್ಮ ಮುಕ್ಕಾಲು ಗಂಟೆ ನಿಂತಳು. ಸರಿಯಾಗಿ ಹತ್ತಕ್ಕೆ ದುರ್ಗೇಶ ಮೊಬೈಲು ನೋಡಿದ, ಎದೆ ತುಂಬ ಉಸಿರೆಳೆದುಕೊಂಡ, "ಕೊತ್ತಂಬ್ರೀ, ಪುದೀನಾ, ತಾಜಾ ತಾಜಾ" ಎಂದು ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದ.

ಪಕ್ಕದ ಗಾಡಿಯಲ್ಲಿ ನಿಂಬೆಹಣ್ಣು ಆರಿಸುತ್ತಿದ್ದ ನೂರುನ್ನೀಸಾಳ ಚೀಲ ಕೆಳಗೆ ಬಿತ್ತು. "ಯಾ ಅಲ್ಲಾ, ಬಾಯಿ ಐತಾ ನಿಂಗೆ? ಮೂಗ ಅಂತ ಎರಡು ವರ್ಷದಿಂದ ಚೌಕಾಸೀನೇ ಮಾಡಿಲ್ವಲ್ಲೋ ನಾನು."

ಅಯ್ಯಮ್ಮ ಮಾಸ್ಕು ಇಳಿಸಿದಳು. "ಇಷ್ಟೊತ್ತು ಯಾಕೋ ಬಾಯಿ ಮುಚ್ಚಿದ್ದಿ?"

ದುರ್ಗೇಶನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವ ಹೇಳೀರಲ್ರೀ ಅಕ್ಕಾರ, ಮೊದಲ ದಿನ. ಒಂದ್ ತಾಸು."

ಹದಿಮೂರು ವರ್ಷದಲ್ಲಿ ಆಕೆಯ ಮಾತನ್ನು ಪೂರ್ತಿಯಾಗಿ ನಂಬಿದವನು ಅವನೊಬ್ಬನೇ. ಅವನಿಗಾಗಿ ಆಕೆಯ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಅವನನ್ನು ಕರೆದುಕೊಂಡು ಕೇಂದ್ರಕ್ಕೆ ಮರಳಿ ಡಾಕ್ಟರಿಗೆ ಹೂಂ ಎಂದಳು. ಅವರು ಕಾರಣ ಕೇಳಿದಾಗ, "ನೋಡಿ ಬಂದೀನ್ರೀ" ಎಂದಷ್ಟೇ ಹೇಳಿದಳು. ದುರ್ಗೇಶನ ಕೈಗೆ ಏಳು ದಿನದ ಮಾತ್ರೆ ಕೊಟ್ಟು, ಬೀಗ ಹಾಕಿಡು, ಮಕ್ಕಳ ಕೈಗೆ ಸಿಗಬಾರದು, ಯಾರಿಗೂ ಕೊಡಬೇಡ ಎಂದೆಲ್ಲ ಹೇಳಿ, ಕೊನೆಗೆ ಗಂಟಲು ಸರಿಮಾಡಿಕೊಂಡಳು.

"ಮತ್ತ, ಹತ್ತು ನಿಮಿಷ ಬಾಯಿ ಮುಚ್ಚಿದ್ರ ಸಾಕು."

ದುರ್ಗೇಶ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದ. ಬೆಳಕಿಗೆ ಹಿಡಿದ. "ಇದು ಹಳೇ ಮಾತ್ರೀನ ಹೌದಿಲ್ರೀ?"

"ಅದೇ ಅದ."

"ಮತ್ತ ಉಳಿದ ಐವತ್ತು ನಿಮಿಷ ಎಲ್ಲಿ ಹೋದ್ವುರೀ?"

ಅಯ್ಯಮ್ಮ ಡಾಕ್ಟರನ್ನು ಕೂಗಿ ಕರೆದಳು. ಡಾಕ್ಟರು ಬಂದು ಹತ್ತೇ ನಿಮಿಷ ಎಂದು ಹದಿನೈದು ನಿಮಿಷ ವಿವರಿಸಿದರು. ದುರ್ಗೇಶ ಇಬ್ಬರ ಮುಖಕ್ಕೂ ಟಾರ್ಚು ಬಿಟ್ಟವನ ಹಾಗೆ ನೋಡಿ ಹೊರಟ.

ವಾರದ ಮೇಲೆ, ಮಂಡಿಗೆ ರಜೆಯಿದ್ದ ದಿನ, ಖಾಲಿ ಪಟ್ಟಿಯೊಂದಿಗೆ ಬಂದ. ಹರಾಜು ಕೂಗಿ ಕೂಗಿ ದನಿ ಒಡೆದಿತ್ತು, ಮುಖ ಗೆಲುವಾಗಿತ್ತು.

"ಮಾತ್ರಿ ಎಷ್ಟಕ್ಕ ಹಾಕ್ಕೊಂತಿ?" ಎಂದು ಕೇಳಿದಳು ಅಯ್ಯಮ್ಮ.

"ನಾಲ್ಕಕ್ಕ ಎದ್ದು ಹಾಕ್ಕೊಂತೀನ್ರೀ. ಐದರ ತನ ಮಾತಿಲ್ಲ."

"ಹತ್ತು ನಿಮಿಷ ಸಾಕು ಅಂದಿದ್ನಲ್ಲೋ. ನನ್ನ ಮಾತು ನಂಬೂದಿಲ್ಲೇನು?"

"ನಂಬತೀನ್ರೀ ಅಕ್ಕಾರ" ಎಂದ ದುರ್ಗೇಶ. "ಮೊದಲನೇದ್ದು ನಂಬೀನಿ."