ಸುಮಿತ್ರಕ್ಕನ ಮಾತನ್ನು ನಾನು ಆಡಿ ತೋರಿಸಿದ್ದು

ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಆಗ ನಮ್ಮ ಸಾಲಿಗೆಲ್ಲ ಒಂದೇ ಟೀವಿ. ಅದೂ ನಮ್ಮ ಮನೆಯಲ್ಲಿ, ಮರದ ಬಾಗಿಲು ಎಳೆದು ಮುಚ್ಚುವಂಥ ಕಪ್ಪು-ಬಿಳುಪಿನ ಪೆಟ್ಟಿಗೆ. ವಾರಕ್ಕೊಂದು ಸಂಜೆ ಕನ್ನಡ ಹಾಡುಗಳ ಕಾರ್ಯಕ್ರಮ ಬರುವ ಹೊತ್ತಿಗೆ ನಾವು ಕುಂಟೆಬಿಲ್ಲೆ ಅರ್ಧಕ್ಕೇ ಬಿಟ್ಟು ಓಡಿಬರುತ್ತಿದ್ದೆವು. ಅದನ್ನು ನಡೆಸಿಕೊಡುತ್ತಿದ್ದವರು ಪಕ್ಕದ ಮನೆಯ ಸುಮಿತ್ರಕ್ಕ.

ಬಾಗಲಕೋಟೆ ಕಡೆಯವರು, ಕಾರ್ಖಾನೆ ಆಫೀಸಿನಲ್ಲಿ ಟೈಪಿಸ್ಟ್. ನಮ್ಮ ಟೀವಿಯಲ್ಲಿ ಹಾಡುಗಳ ನಡುವೆ ನಿಂತು ಮಾತಾಡಿದವರಲ್ಲಿ ಅವರೇ ಮೊದಲಿಗರು. ಹಾಡಿದವರ ಹೆಸರಷ್ಟೇ ಹೇಳಿ ಮುಗಿಸುತ್ತಿರಲಿಲ್ಲ. ಕೊಳಲು ಯಾರದು, ತಬಲಾ ಯಾರದು, ಎಲ್ಲರನ್ನೂ ಹೆಸರಿಸುತ್ತಿದ್ದರು. "ಹಿಂದ ಕುಂತವ್ರಿಗೂ ಒಂದ್ ಹೆಸರು ಇರ್ತದಲ್ಲವಾ" ಅನ್ನುತ್ತಿದ್ದರು.

ಕಾರ್ಯಕ್ರಮದ ಹಿಂದಿನ ದಿನ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ನಮ್ಮನೆಗೆ ಬರುವರು. ಬೆಳ್ಳುಳ್ಳಿ ಘಮ ಕೋಣೆಯೆಲ್ಲ ತುಂಬುತ್ತಿತ್ತು. ನಮ್ಮ ಬೀರುವಿನ ಆಳುದ್ದದ ಕನ್ನಡಿಯ ಮುಂದೆ ನಿಂತು ಬರೆದುಕೊಂಡದ್ದನ್ನು ಓದುವರು. ನಾನು ಮಂಚದ ಮೇಲೆ ಕೂತು ತಿದ್ದಬೇಕು. ಹನ್ನೊಂದು ವರ್ಷದವಳಿಗೆ ಅದಕ್ಕಿಂತ ದೊಡ್ಡ ಪದವಿ ಬೇಕೆ?

"ಕೇಳೂಣು ಅಲ್ಲ ಸುಮಿತ್ರಕ್ಕ, ಕೇಳೋಣ."

"ಕೇಳೋಣ... ಕೇಳೋಣ. ಈಗ ಬರೊಬ್ಬರಿ ಆತೇನವಾ?"

ಒಂದು ದಿನ ಹಾಗೇ ಓದುತ್ತಾ ಅತ್ತುಬಿಟ್ಟರು. ಟೀವಿ ಕೇಂದ್ರದಲ್ಲಿ ಯಾರೋ, 'ಈ ಭಾಷೆ ಇಟ್ಕೊಂಡು ಬೆಂಗ್ಳೂರಿಗ್ಯಾಕೆ ಬಂದ್ರಿ' ಅಂದಿದ್ದರಂತೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರಿಗೂ ಹೇಳಬ್ಯಾಡ ತಂಗಿ" ಅಂದರು. ನಾನು ತಲೆಯಾಡಿಸಿದೆ.

ಆದರೆ ಅಷ್ಟರಲ್ಲಾಗಲೇ ನಾನು ಶಾಲೆಯ ಊಟದ ಬಿಡುವಿನಲ್ಲಿ ಅವರಂತೆ ಮಾತಾಡಿ ತೋರಿಸುವುದು ಶುರುವಾಗಿತ್ತು. ಆ ರಾಗ, ತಪ್ಪಿದಾಗ ನಾಲಿಗೆ ಕಚ್ಚಿಕೊಳ್ಳುವುದು, ಎಲ್ಲ. ನನ್ನನ್ನು ಆಟಕ್ಕೇ ಸೇರಿಸದಿದ್ದ ಹುಡುಗಿಯರು ಡಬ್ಬಿ ಬಿಟ್ಟು ಬಂದು ಸುತ್ತ ಕೂರುತ್ತಿದ್ದರು. ಆ ರುಚಿ ಹತ್ತಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಏಕಪಾತ್ರಾಭಿನಯಕ್ಕೆ ಹೆಸರು ಕೊಟ್ಟೆ. ಮುಖ್ಯ ಅತಿಥಿ ಸುಮಿತ್ರಕ್ಕನೇ ಅಂತ ಆಮೇಲೆ ಗೊತ್ತಾಯಿತು. ಆಗಲೂ ಹೆಸರು ತೆಗೆಸಬಹುದಿತ್ತು. ತೆಗೆಸಲಿಲ್ಲ.

ಅಮ್ಮನ ಸೀರೆ ಸುತ್ತಿಕೊಂಡು ವೇದಿಕೆಗೆ ಹೋಗಿ, "ಮುಂದಿನ ಹಾಡು ಕೇಳೂಣು ಬರ್ರಿ" ಅಂದೆ. ಸಭೆ ಗೊಳ್ಳೆಂದಿತು. ನಗು ಏರಿದಷ್ಟೂ ನನಗೆ ಹುಮ್ಮಸ್ಸು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರಿಗೂ ಹೇಳಬ್ಯಾಡ ತಂಗಿ" ಅಂತಲೂ ಅಂದೆ. ಎಲ್ಲಕ್ಕಿಂತ ಜಾಸ್ತಿ ನಗು ಬಿದ್ದದ್ದು ಅದಕ್ಕೇ. ಮುಂದಿನ ಸಾಲಿನಲ್ಲಿ ಅಲ್ಲಿವರೆಗೂ ನಗುತ್ತಿದ್ದ ಸುಮಿತ್ರಕ್ಕ, ತೊಡೆಯ ಮೇಲಿದ್ದ ಹಾರದ ಹೂವುಗಳನ್ನು ನೋಡತೊಡಗಿದರು.

ಬಹುಮಾನವನ್ನು ಅವರೇ ಕೊಟ್ಟರು. "ತುಂಬಾ ಚೆನ್ನಾಗಿ ಮಾಡಿದೆ ಕಣಮ್ಮ" ಅಂದರು. ಒಂದು ತಪ್ಪೂ ಇಲ್ಲದ ಬೆಂಗಳೂರು ಕನ್ನಡ. ನನ್ನೊಡನೆ ಅವರು ಹಾಗೆ ಮಾತಾಡಿದ್ದು ಅದೇ ಮೊದಲು.

ಮತ್ತೆ ಅವರು ನಮ್ಮ ಕನ್ನಡಿಯ ಮುಂದೆ ಬಂದು ನಿಲ್ಲಲಿಲ್ಲ. ಟೀವಿಯಲ್ಲಿ ಪಠ್ಯಪುಸ್ತಕ ಓದಿದಂತೆ ಮಾತಾಡಿದರು. ಮಳೆಗಾಲ ಮುಗಿಯುವುದರೊಳಗೆ ಅದನ್ನೂ ಬಿಟ್ಟರು. "ಹೋಗಿ ಕ್ಷಮೆ ಕೇಳ್ಕೊಂಡ್ ಬಾ" ಅಂತ ಅಮ್ಮ ಕಳಿಸಿದಾಗ ಅವರ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಕೇಳಿದೆ ಅಂತ ಅಮ್ಮನಿಗೆ ಸುಳ್ಳು ಹೇಳಿದೆ. ಆಮೇಲೆ ಸುಮಿತ್ರಕ್ಕ ಯಲಹಂಕದ ಕಡೆ ಮನೆ ಮಾಡಿಕೊಂಡು ಹೋದರು.

ಹೋದ ವರ್ಷ ಸುಮಿತ್ರಕ್ಕ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಹೋದಾಗ ಅವರ ಮಗಳು ಪಕ್ಕ ಬಂದು ಕೂತಳು. "ಅಮ್ಮನ ಪ್ರೋಗ್ರಾಂ ಒಂದೂ ಉಳಿದಿಲ್ಲ ಆಂಟಿ. ಟೇಪ್ ಅಳಿಸಿ ಬೇರೆ ಏನೇನೋ ತುಂಬ್ಕೊಂಡ್ರಂತೆ. ನೀವು ಥೇಟ್ ಅಮ್ಮನ ಹಾಗೇ ಮಾತಾಡ್ತಿದ್ರಂತಲ್ಲ? ಅಮ್ಮನೇ ಹೇಳ್ತಿದ್ರು. ಒಂದ್ಸಲ ಆಡಿ ತೋರಿಸ್ತೀರಾ?"

"ಎಲ್ಲಾ ಮರ್ತೋಗಿದೆ ಕಣಮ್ಮ" ಅಂದೆ.

ಒಂದಕ್ಷರವೂ ಮರೆತಿಲ್ಲ. ಈಗ ಟೀವಿ ಹಾಕಿದರೆ ಬೀದರಿನಿಂದ ಕೋಲಾರದವರೆಗಿನ ಎಲ್ಲ ಕನ್ನಡವೂ ಕೇಳುತ್ತದೆ, ಜನ ಇಷ್ಟಪಟ್ಟು ಕೇಳುತ್ತಾರೆ. ಮೊದಲು ಮಾತಾಡಿದವರ ಧ್ವನಿ ಮಾತ್ರ ನನ್ನ ಗಂಟಲು ಬಿಟ್ಟರೆ ಬೇರೆಲ್ಲೂ ಇಲ್ಲ. ಅದನ್ನು ಅವರ ಮಗಳಿಗೂ ಕೊಡಲಾರದೆ ಎದ್ದು ಬಂದೆ.