ಒಂದಳತೆ ಮೇಸ್ತ್ರಿಗೆ ಸಿಕ್ಕ ಡಾಕ್ಟರಮ್ಮ

ಬೂಟು ಹೊಲಿಯುವ ಆ ಮನುಷ್ಯನನ್ನು ಇಡೀ ಬೀದಿ ಒಂದಳತೆ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ನಿಮ್ಮ ಪಾದವನ್ನು ಕಾಗದದ ಮೇಲಿಡಿಸಿ ಪೆನ್ಸಿಲಿನಿಂದ ಸುತ್ತ ಒಮ್ಮೆ ಗೆರೆ ಎಳೆದನೆಂದರೆ ಮುಗಿಯಿತು, ಈ ಜನ್ಮದಲ್ಲಿ ಮತ್ತೆ ಅಳತೆ ಕೇಳುತ್ತಿರಲಿಲ್ಲ. ಹೆಂಡತಿಯ ಪಾದಕ್ಕೆ ಗೆರೆ ಎಳೆದದ್ದು ಮದುವೆಯಾದ ವಾರ. ಇಪ್ಪತ್ತೆರಡು ವರ್ಷದಿಂದ ಅದೇ ಕಾಗದ. ಜಂಬವಿತ್ತು, ಇರಲಿ ಬಿಡಿ. ಕೈಯಲ್ಲಿ ಕಸುಬಿದ್ದವನಿಗೆ ಅಷ್ಟೂ ಬೇಡವೇ?

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ಮನೆಯಲ್ಲೇ. ಹೊಸ ಜೋಡು ಹಾಕಿಕೊಂಡ ಹೆಂಡತಿ, "ರೀ, ಬೆರಳು ಹಿಡಿಯುತ್ತೆ" ಎಂದಳು. ಇನ್ನೊಂದು ಜೋಡು ಹೊಲಿದ. ಅದೂ ಬಿಗಿ. ಮೂರನೆಯದು ಹಿಮ್ಮಡಿಯನ್ನೇ ಒಳಗೆ ಬಿಡಲಿಲ್ಲ. ಮೇಸ್ತ್ರಿ ಮೂರೂ ಜೋಡನ್ನು ತಿರುಗಿಸಿ ತಿರುಗಿಸಿ ನೋಡಿದ. ಕಣ್ಣು ಹೋಯಿತು, ಇಲ್ಲವೇ ಕೈ ಹೋಯಿತು! ಕಸುಬೇ ಕೈಬಿಟ್ಟರೆ ಮುಂದೇನು ಎಂಬ ಚಿಂತೆಗೆ ಊಟ ಸೇರದಾಯಿತು.

ಅದುವರೆಗೆ ಆ ಮನೆಗೆ ಇಂಥವರೇ ಡಾಕ್ಟರು ಎಂಬುದಿರಲಿಲ್ಲ. ಜ್ವರಕ್ಕೊಬ್ಬರು, ಹಲ್ಲಿಗೊಬ್ಬರು, ಹೆಂಡತಿಯ ತಲೆನೋವಿಗೆ ಔಷಧಿ ಅಂಗಡಿಯವನೇ ಸಾಕು. ಒಳ್ಳೆಯ ಡಾಕ್ಟರು ಯಾರೆಂದು ಮೇಸ್ತ್ರಿ ಗಿರಾಕಿಗಳನ್ನೆಲ್ಲ ವಿಚಾರಿಸಿದ. ಕೊನೆಗೆ ಎದುರು ಲಾಂಡ್ರಿಯವಳು, "ಬ್ಯಾಂಕಿನ ಹಿಂದೆ ಒಬ್ರು ಡಾಕ್ಟರಮ್ಮ ಇದ್ದಾರಣ್ಣ. ಔಷಧಿ ಕಮ್ಮಿ, ಪ್ರಶ್ನೆ ಜಾಸ್ತಿ. ನಮ್ಮತ್ತೆಯಿಂದ ಮೊಮ್ಮಗುವರೆಗೆ ಅವರೇ" ಎಂದಳು.

"ಪ್ರಶ್ನೆಗೆ ಉತ್ತರ ಬರೆಯೋಕೆ ನಾನೇನು ಪರೀಕ್ಷೆಗೆ ಹೋಗ್ತಿದೀನಾ?" ಎಂದು ಗೊಣಗುತ್ತಲೇ ಹೋದ.

ಒಂದು ಕೋಣೆ, ಒಂದು ಪರದೆ, ಕುಂಟುವ ಬೆಂಚು. ಡಾಕ್ಟರಮ್ಮ ಅವನ ಕಣ್ಣಿಗೆ ಬೆಳಕು ಬಿಟ್ಟರು, ಗೋಡೆಯ ಮೇಲಿನ ಅಕ್ಷರ ಓದಿಸಿದರು, ಸೂಜಿಗೆ ದಾರ ಪೋಣಿಸಲು ಕೊಟ್ಟರು. ಒಂದೇ ಸಲಕ್ಕೆ ಪೋಣಿಸಿದ.

"ಬೇರೆ ಗಿರಾಕಿಗಳೂ ಬಿಗಿ ಅಂತಾರಾ?"

"ಇಲ್ಲಮ್ಮ, ಮನೆಯವಳು ಒಬ್ಬಳೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವರ ಬೆರಳಿನ ಉಂಗುರ?"

"ಸಿಕ್ಕಾಕ್ಕೊಂಡಿತ್ತು. ಹೋದ ವರ್ಷ ಕತ್ತರಿಸಿ ತೆಗೆಸಿದ್ವಿ."

"ತಲೆನೋವು ದಿನಾ ಬರುತ್ತಾ? ದನಿ ದಪ್ಪ ಆಗಿದೆಯಾ? ಗೊರಕೆ?"

ಮೇಸ್ತ್ರಿ ಬೆಂಚಿನ ತುದಿಗೆ ಸರಿದ. ತಮ್ಮ ಮನೆಯಲ್ಲೇ ವಾಸವಿದ್ದವರ ಹಾಗೆ ಈಕೆ ಕೇಳುತ್ತಿದ್ದಾರಲ್ಲ! "ಎಲ್ಲಾ ಹೌದು. ಆದ್ರೆ ಡಾಕ್ಟ್ರೇ, ಅವಳು ಇಲ್ಲಿಗೆ ಬಂದೇ ಇಲ್ಲವಲ್ಲ!"

"ನಿಮ್ಮ ಕಣ್ಣೂ ಚೆನ್ನಾಗಿದೆ, ಕೈಯೂ ಚೆನ್ನಾಗಿದೆ. ನಾಳೆ ಅವರನ್ನ ಕರ್ಕೊಂಡು ಬನ್ನಿ. ಅವರ ಪಾದದ ಹಳೇ ಅಳತೆ ಕಾಗದ ಇದ್ರೆ ಅದನ್ನೂ ತನ್ನಿ."

ಮರುದಿನ ಕಾಗದವನ್ನು ನೆಲಕ್ಕೆ ಹಾಸಿ, ಹೆಂಡತಿ ಅದರ ಮೇಲೆ ಪಾದ ಇಟ್ಟಳು. ಮೇಸ್ತ್ರಿ ಬಗ್ಗಿ ನೋಡಿದ. ಎಲ್ಲಿದೆ ಗೆರೆ? ಸುತ್ತಲೂ ಪಾದದ ಅಡಿಗೆ ಹೋಗಿಬಿಟ್ಟಿತ್ತು. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದೂ ಅವನು ಕಾಣದ್ದನ್ನು, ಕಂಡೇ ಇರದ ಹೆಂಗಸೊಬ್ಬಳಲ್ಲಿ ಈ ಡಾಕ್ಟರಮ್ಮ ಕುರ್ಚಿಯಿಂದ ಏಳದೆ ಕಂಡಿದ್ದರು.

"ಈ ವಯಸ್ಸಲ್ಲಿ ಕಾಲು ಹೀಗೆ ಬೆಳೀಬಾರದು," ಎಂದರು ಡಾಕ್ಟರಮ್ಮ. "ಕೈಕಾಲು ಹೀಗೆ ಬೆಳೆಸೋ ಒಂದು ಸಣ್ಣ ಗಂಟು ತಲೆ ಒಳಗೆ ಇರಬಹುದು. ಹೆದರ್ಕೋಬೇಡಿ, ಪರೀಕ್ಷೆ ಮಾಡಿಸೋಣ."

ಇತ್ತು. ಬಟಾಣಿ ಕಾಳಿನಷ್ಟು. ಹಾಗೇ ಬಿಟ್ಟಿದ್ದರೆ ಕಣ್ಣಿಗೂ ಹೃದಯಕ್ಕೂ ಕುತ್ತಾಗುತ್ತಿತ್ತಂತೆ. ದೊಡ್ಡಾಸ್ಪತ್ರೆಯವರು ಮೂಗಿನ ದಾರಿಯಲ್ಲೇ ಹೋಗಿ ಅದನ್ನು ತೆಗೆದರು. ಮೂಗಿನಿಂದ ತಲೆಗೆ ದಾರಿಯಿದೆ ಎಂಬುದೇ ಮೇಸ್ತ್ರಿಗೆ ಗೊತ್ತಿರಲಿಲ್ಲ!

ಹೆಂಡತಿ ಚೇತರಿಸಿಕೊಂಡ ಮೇಲೆ ಇಬ್ಬರೂ ಬ್ಯಾಂಕಿನ ಹಿಂದಿನ ಆ ಕೋಣೆಗೆ ಹೋದರು. ಮೇಸ್ತ್ರಿ ಕೈ ಮುಗಿದ. "ನೋಡದೇನೇ ಹೇಗೆ ಕಂಡುಹಿಡಿದ್ರಿ ಡಾಕ್ಟ್ರೇ?" ಎಂದ.

ಡಾಕ್ಟರಮ್ಮ ನಕ್ಕರು. "ಹೆಂಡತಿಗೆ ಬೂಟು ಬಿಗಿ ಆದ್ರೆ ಎಷ್ಟೋ ಗಂಡಂದಿರು 'ನೀನು ದಪ್ಪ ಆಗಿದೀಯ' ಅಂತ ಬೈದು ಸುಮ್ಮನಾಗ್ತಾರೆ. ನೀವು 'ನನ್ನ ಕೈ ಕೆಟ್ಟಿದೆ' ಅಂತ ಬಂದ್ರಿ. ಬರದೇ ಇದ್ದಿದ್ರೆ ನನಗೆಲ್ಲಿ ಗೊತ್ತಾಗ್ತಿತ್ತು?"

ಬೆಂಚಿನ ಮೇಲಿದ್ದ ಹೆಂಡತಿ ತಲೆ ತಗ್ಗಿಸಿದಳು. "ಇವರು ಊಟ ಬಿಟ್ಟು ಕೂತಿದ್ದು ನೋಡೋಕಾಗ್ತಿರಲಿಲ್ಲ ಡಾಕ್ಟ್ರೇ. ಇನ್ನೊಂದು ಜೋಡು ಹೊಲಿದುಕೊಟ್ರೆ, ಎಷ್ಟೇ ನೋಯಲಿ, ಸರಿಯಾಗಿದೆ ಅಂತ ಹೇಳಿಬಿಡೋಣ ಅಂತಿದ್ದೆ."

ನಾಲ್ಕನೆಯ ಜೋಡು ಹೊಲಿದಿದ್ದರೆ ತಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂಬುದು ಮೇಸ್ತ್ರಿಗೆ ಆಗ ಹೊಳೆಯಿತು.